ಮನೋವೈಜ್ಞಾನಿಕ ಥ್ರಿಲ್ಲರ್ ಕಿರುಚಿತ್ರಕ್ಕೆ ಮುನ್ನ ಪ್ರಕಾರದ ಅಧ್ಯಯನ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಪತ್ರಿಕೋದ್ಯಮ ಮತ್ತು ದೃಶ್ಯ ಮಾಧ್ಯಮ ಓದುತ್ತಿರುವ ವಿದ್ಯಾರ್ಥಿಗಳಿಗೆ ಕಿರುಚಿತ್ರದ ಪ್ರಾಜೆಕ್ಟ್‌ನಲ್ಲಿ ಕೆಲವು ವರ್ಷಗಳಿಂದ ಮಾರ್ಗದರ್ಶನ ಮಾಡುತ್ತ ಬಂದಿದ್ದೇನೆ. ಹೆಚ್ಚಿನ ತಂಡಗಳು ಆರಿಸಿಕೊಳ್ಳುವುದು ಮನೋವೈಜ್ಞಾನಿಕ ಥ್ರಿಲ್ಲರನ್ನೇ. ಒಂದು ಮನೆ, ಇಬ್ಬರು ಮೂವರು ನಟರು ಮತ್ತು ಒಂದು ಮೊಬೈಲ್ ಕ್ಯಾಮೆರಾ ಇದ್ದರೆ ಕೆಲಸ ನಡೆಯುತ್ತದೆ ಎಂಬುದು ಅದಕ್ಕೆ ಒಂದು ಕಾರಣ. ಐದು ನಿಮಿಷದ ಚಿತ್ರದ ಜೊತೆಗೆ, ಆ ಪ್ರಕಾರದ ರೂಢಿಗಳನ್ನು ಅಧ್ಯಯನ ಮಾಡಿ ಬರೆದ ಟಿಪ್ಪಣಿಯನ್ನೂ ಒಪ್ಪಿಸಬೇಕಾಗುತ್ತದೆ. ಆ ಟಿಪ್ಪಣಿ ಬರೆಯುವಾಗ ಏಳುವ ಪ್ರಶ್ನೆಗಳು ವರ್ಷ ವರ್ಷವೂ ಹೆಚ್ಚು ಕಡಿಮೆ ಅವೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ.

ಪ್ರಕಾರದ ರೂಢಿ ಎಂದರೆ ಏನು? ಅದನ್ನು ಮೊದಲೇ ಏಕೆ ತಿಳಿಯಬೇಕು?

ಒಂದು ಬಗೆಯ ಕಥೆಯನ್ನು ಹೇಳುವವರೂ ಕೇಳುವವರೂ ಬಹುಕಾಲದ ಬಳಕೆಯಿಂದ ತಮ್ಮೊಳಗೆ ಮಾಡಿಕೊಂಡಿರುವ, ಎಲ್ಲಿಯೂ ಬರೆದಿಡದ ಒಪ್ಪಂದವೇ ರೂಢಿ. ಶೃಂಗೇರಿ, ಕೊಪ್ಪದ ಕಡೆಯಿಂದ ಬಂದ ವಿದ್ಯಾರ್ಥಿಗಳಿಗೆ ನಾನು ಯಕ್ಷಗಾನದ ಉದಾಹರಣೆ ಕೊಡುತ್ತೇನೆ. ತೆರೆಯ ಹಿಂದಿನಿಂದ ಅಬ್ಬರಿಸುತ್ತ ಬಣ್ಣದ ವೇಷ ರಂಗಕ್ಕೆ ಬಂದರೆ, ಅದು ಒಂದು ಮಾತನ್ನೂ ಆಡುವ ಮೊದಲೇ ಬಂದವನು ರಾಕ್ಷಸನೆಂದು ಸಭೆಗೆ ಗೊತ್ತಾಗುತ್ತದೆ. ಮುಖವರ್ಣಿಕೆ, ಚೆಂಡೆಯ ಪೆಟ್ಟು, ತೆರೆಯನ್ನು ಅಲುಗಿಸುವ ರೀತಿ ಇವೆಲ್ಲ ಸೇರಿ ಆ ಅರ್ಥವನ್ನು ಮೊದಲೇ ಕೊಟ್ಟಿರುತ್ತವೆ. ಸಿನಿಮಾದಲ್ಲಿಯೂ ಹಾಗೆಯೇ. ಒಂಟಿ ಮನೆ, ಅರ್ಧ ತೆರೆದ ಬಾಗಿಲು, ಪಾತ್ರದ ಬೆನ್ನ ಹಿಂದೆ ನಿಧಾನವಾಗಿ ಸರಿಯುವ ಕ್ಯಾಮೆರಾ ಕಂಡ ಕೂಡಲೇ ನೋಡುಗರ ಮನಸ್ಸು ಒಂದು ನಿರೀಕ್ಷೆಗೆ ಸಿದ್ಧವಾಗುತ್ತದೆ. ಆ ನಿರೀಕ್ಷೆಯನ್ನು ಎಲ್ಲಿ ಈಡೇರಿಸಬೇಕು, ಎಲ್ಲಿ ಮುರಿಯಬೇಕು ಎಂದು ತೀರ್ಮಾನಿಸುವವರಿಗೆ ಅದು ಏನೆಂಬುದು ಮೊದಲು ತಿಳಿದಿರಬೇಕಲ್ಲವೇ?

ಪತ್ತೇದಾರಿ ಚಿತ್ರ, ಹಾರರ್ ಚಿತ್ರ ಮತ್ತು ಮನೋವೈಜ್ಞಾನಿಕ ಥ್ರಿಲ್ಲರ್ ನಡುವೆ ಗೆರೆ ಎಳೆಯುವುದು ಹೇಗೆ?

ಒಂದೇ ಸಂದರ್ಭವನ್ನು ಇಟ್ಟುಕೊಂಡು ನೋಡೋಣ. ಕಾಫಿ ತೋಟದ ನಡುವಿನ ಹಂಚಿನ ಮನೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಪ್ರತಿ ರಾತ್ರಿ ಅಟ್ಟದ ಮೇಲೆ ಹೆಜ್ಜೆಯ ಸದ್ದು ಕೇಳಿಸುತ್ತದೆ. ಆ ಹೆಜ್ಜೆ ಯಾರದು, ಅವನು ಅಲ್ಲಿಗೆ ಬರುವುದು ಏಕೆ ಎಂದು ಕಥೆ ಹುಡುಕತೊಡಗಿದರೆ ಅದು ಪತ್ತೇದಾರಿ. ಆ ಹೆಜ್ಜೆ ಮನುಷ್ಯನದಲ್ಲದೆ ಇರಬಹುದು ಎಂದು ನಡುಗಿಸಿದರೆ ಹಾರರ್. ಸದ್ದು ಆಕೆಗೆ ಮಾತ್ರ ಏಕೆ ಕೇಳಿಸುತ್ತಿದೆ, ಏನೂ ಕೇಳಿಸಲಿಲ್ಲ ಎನ್ನುವ ಮನೆಯವರು ನಿಜ ಹೇಳುತ್ತಿದ್ದಾರೆಯೇ, ಆಕೆ ತನ್ನ ಕಿವಿಯನ್ನೇ ನಂಬಬಹುದೇ ಎಂಬ ಸಂದೇಹವೇ ಕಥೆಯನ್ನು ನಡೆಸಿದರೆ ಅದು ನಮ್ಮ ಪ್ರಕಾರ. ಇಲ್ಲಿ ಅಪಾಯ ಹೊರಗಿದೆಯೋ ಒಳಗಿದೆಯೋ ಎಂಬುದೇ ತೀರ್ಮಾನವಾಗಿರುವುದಿಲ್ಲ.

ಗೆರೆ ಯಾವಾಗಲೂ ಸ್ಪಷ್ಟವಾಗಿರುತ್ತದೆ ಎಂದು ಮಾತ್ರ ತಿಳಿಯಬಾರದು. 1993ರ ಮಲಯಾಳಂ ಚಿತ್ರವನ್ನು ಆಧರಿಸಿ 2004ರಲ್ಲಿ ತೆರೆಗೆ ಬಂದ ‘ಆಪ್ತಮಿತ್ರ’ ದೆವ್ವದ ಕಥೆಯ ಎಲ್ಲ ರೂಢಿಗಳನ್ನೂ ಬಳಸಿಕೊಂಡು ನಡೆದು, ಕೊನೆಗೆ ಮನೋವೈದ್ಯರ ವಿವರಣೆಗೆ ಬಂದು ನಿಲ್ಲುತ್ತದೆ. ಆದರೂ ಪಾತ್ರಕ್ಕೆ ಬಿಡುಗಡೆ ಸಿಗುವುದು ಒಂದು ವಿಧಿಯಾಚರಣೆಯ ಮೂಲಕವೇ. ಎರಡು ಪ್ರಕಾರಗಳು ಒಂದೇ ಚಿತ್ರದಲ್ಲಿ ಹೇಗೆ ಹೊಂದಿಕೊಂಡವು ಎಂಬುದನ್ನು ಟಿಪ್ಪಣಿಯಲ್ಲಿ ಒಂದು ಪುಟ ಬರೆದರೆ ಅದೇ ಒಳ್ಳೆಯ ಅಧ್ಯಯನವಾಗುತ್ತದೆ.

ಎಷ್ಟು ಚಿತ್ರಗಳನ್ನು ನೋಡಬೇಕು? ಯಾವುವನ್ನು?

ಇಪ್ಪತ್ತು ಚಿತ್ರಗಳ ಹೆಸರು ಬರೆದು ಪ್ರತಿಯೊಂದಕ್ಕೂ ಮೂರು ಸಾಲು ಸಾರಾಂಶ ಕೊಡುವ ಟಿಪ್ಪಣಿಗಳು ಪ್ರತಿ ವರ್ಷ ಬರುತ್ತವೆ. ಅವುಗಳಿಂದ ತಂಡಕ್ಕೆ ಏನೂ ದಕ್ಕಿರುವುದಿಲ್ಲ ಎಂಬುದು ಅವರ ಚಿತ್ರಕಥೆ ಓದಿದಾಗ ತಿಳಿಯುತ್ತದೆ. ಮೂರು ಅಥವಾ ನಾಲ್ಕು ಚಿತ್ರಗಳು ಸಾಕು, ಆದರೆ ಅವುಗಳನ್ನು ಹಲವು ಬಾರಿ ನೋಡಬೇಕು. ನಾನು ಸಾಮಾನ್ಯವಾಗಿ ಸೂಚಿಸುವುದು ಆಲ್ಫ್ರೆಡ್ ಹಿಚ್‌ಕಾಕ್‌ ಅವರ ‘ಸೈಕೋ’ (1960), ‘ಗ್ಯಾಸ್‌ಲೈಟ್’ (1944) ಮತ್ತು ಕನ್ನಡದಿಂದ ಪವನ್ ಕುಮಾರ್ ಅವರ ‘ಲೂಸಿಯಾ’ (2013).

‘ಸೈಕೋ’ದಲ್ಲಿ ಹಣ ಕದ್ದು ಓಡುವ ಹೆಣ್ಣನ್ನೇ ನಾಯಕಿಯೆಂದು ನಂಬಿ ಆಕೆಯ ಜೊತೆ ಸಾಗಿದ ನಮ್ಮನ್ನು, ಚಿತ್ರದ ಅರ್ಧ ದಾರಿಗೂ ಮುನ್ನ ಆಕೆ ಕೊಲೆಯಾಗುವ ಮೂಲಕ ನಿರ್ದೇಶಕರು ನಡುನೀರಿನಲ್ಲಿ ಕೈಬಿಡುತ್ತಾರೆ. ನಾಯಕಿ ಕೊನೆಯವರೆಗೆ ಇರುತ್ತಾಳೆ ಎಂಬ ರೂಢಿ ಎಷ್ಟು ಬಲವಾಗಿತ್ತೆಂದರೆ ಅದನ್ನು ಮುರಿದದ್ದೇ ಆ ಚಿತ್ರದ ದೊಡ್ಡ ಆಘಾತವಾಯಿತು. ‘ಲೂಸಿಯಾ’ದಲ್ಲಿ ಒಬ್ಬನೇ ಮನುಷ್ಯನ ಎರಡು ಬದುಕುಗಳಲ್ಲಿ ಒಂದು ವರ್ಣದಲ್ಲಿಯೂ ಇನ್ನೊಂದು ಕಪ್ಪು ಬಿಳುಪಿನಲ್ಲಿಯೂ ಸಾಗುತ್ತವೆ, ಬಣ್ಣ ಕಂಡರೆ ನಿಜ, ಬಣ್ಣವಿಲ್ಲದಿದ್ದರೆ ನೆನಪು ಅಥವಾ ಕನಸು ಎಂದುಕೊಳ್ಳುವ ನಮ್ಮ ಅಭ್ಯಾಸವನ್ನು ಆ ಚಿತ್ರ ಹೇಗೆ ಬಳಸಿಕೊಳ್ಳುತ್ತದೆ ಎಂಬುದನ್ನು ನೋಡಿದವರು ತಾವೇ ಕಂಡುಕೊಳ್ಳಲಿ. ಸಾರ್ವಜನಿಕರಿಂದ ಹಣ ಸಂಗ್ರಹಿಸಿ ಮಾಡಿದ ಚಿತ್ರ ಅದು ಎಂಬುದೂ ಕೈಯಲ್ಲಿ ಹಣವಿಲ್ಲದ ವಿದ್ಯಾರ್ಥಿಗಳು ನೆನಪಿಡತಕ್ಕ ವಿಷಯ.

ಚಿತ್ರವನ್ನು ಅಧ್ಯಯನಕ್ಕಾಗಿ ನೋಡುವ ಕ್ರಮ ಯಾವುದು?

ಮೊದಲ ಬಾರಿ ಪೆನ್ನು ಹಿಡಿಯದೆ, ಸಾಧಾರಣ ಪ್ರೇಕ್ಷಕರಂತೆ ನೋಡಬೇಕು. ಎಲ್ಲಿ ಎದೆ ಬಡಿತ ಏರಿತು, ಎಲ್ಲಿ ಮನಸ್ಸು ಬೇರೆಡೆಗೆ ಹರಿಯಿತು ಎಂಬುದನ್ನು ಮುಗಿದ ಕೂಡಲೇ ನೆನಪಿನಿಂದ ಬರೆಯಬೇಕು. ಈ ಮೊದಲ ಅನುಭವ ಮತ್ತೆ ಸಿಗುವುದಿಲ್ಲವಾದ್ದರಿಂದ ಮೊಬೈಲ್ ಪಕ್ಕಕ್ಕಿಟ್ಟು, ಕತ್ತಲೆಯ ಕೋಣೆಯಲ್ಲಿ, ಒಂದೇ ಕೂರುವಿಕೆಯಲ್ಲಿ ನೋಡಿರೆಂದು ನಾನು ಒತ್ತಾಯಿಸುತ್ತೇನೆ.

ನಂತರ ನಿಮ್ಮನ್ನು ಹಿಡಿದು ನಿಲ್ಲಿಸಿದ ಐದು ನಿಮಿಷದ ಭಾಗವೊಂದನ್ನು ಮಾತ್ರ ಆರಿಸಿಕೊಳ್ಳಿ. ಅದನ್ನು ಒಮ್ಮೆ ಸದ್ದು ಪೂರ್ತಿ ತೆಗೆದು ನೋಡಿ. ಬೆಳಕು, ಕ್ಯಾಮೆರಾದ ಎತ್ತರ, ನಟರು ಚೌಕಟ್ಟಿನಲ್ಲಿ ಎಲ್ಲಿ ನಿಂತಿದ್ದಾರೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಇನ್ನೊಮ್ಮೆ ಪರದೆಗೆ ಬೆನ್ನು ಹಾಕಿ ಕುಳಿತು ಸದ್ದನ್ನು ಮಾತ್ರ ಕೇಳಿ. ಮೂರನೆಯ ಬಾರಿ ಪ್ರತಿ ಶಾಟ್‌ಗೂ, ಅಂದರೆ ನಡುವೆ ಕತ್ತರಿಸದೆ ತೋರಿಸುವ ಪ್ರತಿ ತುಣುಕಿಗೂ, ನಿಲ್ಲಿಸಿ ಬರೆಯುತ್ತ ಹೋಗಿ: ಶಾಟ್ ಎಷ್ಟು ಸೆಕೆಂಡು ಇತ್ತು, ಹತ್ತಿರದ್ದೋ ದೂರದ್ದೋ, ಯಾರ ಕಣ್ಣಿನಿಂದ ತೋರಿಸಿದ್ದು. ‘ಸೈಕೋ’ದ ಸ್ನಾನದ ಮನೆಯ ಕೊಲೆ ಸುಮಾರು 45 ಸೆಕೆಂಡುಗಳದ್ದು, ಅಷ್ಟರಲ್ಲಿ ಎಷ್ಟು ತುಣುಕುಗಳಿವೆ ಎಂದು ತಾವೇ ಎಣಿಸಿದ ವಿದ್ಯಾರ್ಥಿಗೆ ಸಂಕಲನ ಎಂದರೇನೆಂದು ನಾನು ಮತ್ತೆ ಹೇಳಿಕೊಡಬೇಕಾಗುವುದಿಲ್ಲ.

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೊನೆಯ ಅಂಕಣವೊಂದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆ ಗಳಿಗೆಯಲ್ಲಿ ಯಾರಿಗೆ ಏನು ಗೊತ್ತಿದೆ ಎಂಬ ಅಂಕಣ ಅದು. ಪಾತ್ರಕ್ಕೆ ಗೊತ್ತಿದ್ದು ನಮಗೆ ಗೊತ್ತಿಲ್ಲವೇ, ನಮಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲವೇ, ಇಬ್ಬರಿಗೂ ತಪ್ಪಾಗಿ ಗೊತ್ತಿದೆಯೇ? ಕತ್ತಲೆ, ಕನ್ನಡಿ, ಚಾಕು ಇವು ಪ್ರಕಾರದ ಉಡುಪು ಮಾತ್ರ. ತಿಳಿವಳಿಕೆಯನ್ನು ಹೀಗೆ ಹಂಚುವ, ತಡೆಹಿಡಿಯುವ, ತಪ್ಪುದಾರಿಗೆ ಎಳೆಯುವ ಕ್ರಮವೇ ಅದರ ಮೈ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕುತೂಹಲಕ್ಕೂ ಬೆಚ್ಚಿಬೀಳಿಸುವುದಕ್ಕೂ ಏನು ವ್ಯತ್ಯಾಸ?

ಹಿಚ್‌ಕಾಕ್ ಇದನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸುತ್ತಿದ್ದರು. ಬಾಂಬ್ ಇರುವುದು ಗೊತ್ತಿಲ್ಲದೆ ಅದು ಸಿಡಿದರೆ ನೋಡುಗರಿಗೆ ಹದಿನೈದು ಸೆಕೆಂಡುಗಳ ಬೆಚ್ಚು. ಮೊದಲೇ ತೋರಿಸಿದ್ದರೆ ಹದಿನೈದು ನಿಮಿಷಗಳ ತಳಮಳ. ಇದನ್ನು ನಮ್ಮ ಮನೆಗಳಿಗೆ ಇಳಿಸಿಕೊಳ್ಳುವುದು ಕಷ್ಟವಲ್ಲ. ಮಳೆಯ ರಾತ್ರಿ, ಹಿತ್ತಿಲ ಬಾಗಿಲಿನಿಂದ ಆರಂಭವಾಗಿ ರೆಡ್ ಆಕ್ಸೈಡ್ ನೆಲದ ಮೇಲೆ ಒದ್ದೆ ಹೆಜ್ಜೆಗಳು ನಡುಮನೆಯನ್ನು ದಾಟಿ ಮಲಗುವ ಕೋಣೆಗೆ ಹೋಗಿವೆ, ಹೊರಬಂದ ಗುರುತಿಲ್ಲ. ಅದನ್ನು ನಮಗೆ ತೋರಿಸಿದ ಮೇಲೆ, ಮನೆಯ ಹುಡುಗಿ ಕೈಯಲ್ಲಿ ಮೊಬೈಲ್ ನೋಡುತ್ತ ಬಂದು, ಆ ಹೆಜ್ಜೆಗಳ ಮೇಲೆಯೇ ನಡೆದು, ಕೋಣೆಯ ದೀಪ ಹಾಕಲು ಕೈ ಚಾಚಲಿ. ಏನೂ ಆಗದಿದ್ದರೂ ಆ ನಡಿಗೆಯ ಇಪ್ಪತ್ತು ಸೆಕೆಂಡುಗಳು ನಿಮ್ಮ ಚಿತ್ರದ ಅತ್ಯುತ್ತಮ ಭಾಗವಾಗಬಹುದು. ಇನ್ನು, ಆ ಹೆಜ್ಜೆಗಳ ಅಳತೆ ಆಕೆಯದೇ ಪಾದದ ಅಳತೆ ಎಂದು ನೋಡುಗರಿಗೆ ನಿಧಾನವಾಗಿ ಹೊಳೆದರೆ, ಸಾಧಾರಣ ಥ್ರಿಲ್ಲರ್ ಅಲ್ಲಿಂದ ಮನೋವೈಜ್ಞಾನಿಕವಾಗುತ್ತದೆ.

ಒಡೆದ ಕನ್ನಡಿ, ಸುರುಳಿ ಮೆಟ್ಟಿಲು, ಹಳೆಯ ಗೊಂಬೆ ಇರಲೇಬೇಕೇ?

ಇರಬಾರದೆಂದಿಲ್ಲ, ಆದರೆ ಅವು ಹುಟ್ಟಿದ ಕಾರಣ ತಿಳಿಯದೆ ತಂದರೆ ಅಲಂಕಾರವಾಗಿ ಉಳಿಯುತ್ತವೆ. ಇದನ್ನು ‘ಗ್ಯಾಸ್‌ಲೈಟ್’ನಿಂದ ಕಲಿಯಬಹುದು. 1938ರ ನಾಟಕವೊಂದನ್ನು ಆಧರಿಸಿದ ಆ ಚಿತ್ರದಲ್ಲಿ ಗಂಡ ಗುಟ್ಟಾಗಿ ಅಟ್ಟಕ್ಕೆ ಹೋಗಿ ಅನಿಲದ ದೀಪ ಹಚ್ಚಿದಾಗಲೆಲ್ಲ ಕೆಳಗಿನ ಕೋಣೆಯ ದೀಪ ಮಂಕಾಗುತ್ತದೆ. ಹೆಂಡತಿ ಅದನ್ನು ಕಾಣುತ್ತಾಳೆ, ಅದು ನಿನ್ನ ಭ್ರಮೆ ಎಂದು ಗಂಡ ಅವಳನ್ನು ನಂಬಿಸುತ್ತ ಹೋಗುತ್ತಾನೆ. ಒಬ್ಬರು ತಮ್ಮ ಬುದ್ಧಿಯನ್ನೇ ಸಂಶಯಿಸುವಂತೆ ಮಾಡುವ ಕ್ರೌರ್ಯಕ್ಕೆ ಇಂದು ಲೋಕವೆಲ್ಲ ಬಳಸುವ ‘ಗ್ಯಾಸ್‌ಲೈಟಿಂಗ್’ ಎಂಬ ಹೆಸರು ಬಂದದ್ದೇ ಅಲ್ಲಿಂದ. ಆ ದೀಪ ಅಲ್ಲಿದ್ದುದು ಆ ಕಾಲದ ಮನೆಗಳಲ್ಲಿ ಅಂಥ ದೀಪ ಇದ್ದುದರಿಂದ, ಮತ್ತು ಒಂದು ಕಡೆ ಹಚ್ಚಿದರೆ ಇನ್ನೊಂದು ಕಡೆ ಮಂಕಾಗುವುದು ಅದರ ಸಹಜ ಗುಣವಾಗಿದ್ದುದರಿಂದ.

ಕೊಯ್ಲಿನ ಕಾಲದಲ್ಲಿ ಪಕ್ಕದ ಕಣದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಚಾಲೂ ಆದಾಗ ಮನೆಯ ಬಲ್ಬು ಮಂಕಾಗುವುದನ್ನು ತೋಟದ ಮನೆಯಲ್ಲಿ ಬೆಳೆದ ಎಲ್ಲರೂ ಕಂಡಿರುತ್ತಾರೆ. ಕೊಯ್ಲು ಮುಗಿದು, ಯಂತ್ರ ನಿಂತು, ತಿಂಗಳು ಕಳೆದ ಮೇಲೂ ಒಬ್ಬಳಿಗೆ ಮಾತ್ರ ಪ್ರತಿ ರಾತ್ರಿ ಅದೇ ಹೊತ್ತಿಗೆ ಬಲ್ಬು ಮಂಕಾಗುವುದು ಕಂಡರೆ? ಒಬ್ಬ ವಿದ್ಯಾರ್ಥಿನಿ ಚರ್ಚೆಯ ನಡುವೆ ಇದನ್ನು ಹೇಳಿದಾಗ ಇಡೀ ತರಗತಿ ಸುಮ್ಮನಾದದ್ದು ನನಗೆ ಇಂದಿಗೂ ನೆನಪಿದೆ. ಬಚ್ಚಲ ಒಲೆಯ ಹಂಡೆ, ಜಗಲಿಯ ಒಂದೇ ಕಡೆ ಸವೆದ ಕಂಬ, ಯಾರೂ ಇಲ್ಲದ ಲೈನ್ ಮನೆಗಳ (ತೋಟದ ಕಾರ್ಮಿಕರ ಮನೆಗಳ) ಸಾಲು, ಗೋಡೆಗೆ ನೇತುಹಾಕಿದ ಹಿರಿಯರ ಫೋಟೋದ ಜಾಗದಲ್ಲಿ ಉಳಿದ ಬಿಳಿಯ ಚೌಕ ಇಂಥವನ್ನು ಮೊದಲು ನಿಮ್ಮ ಸುತ್ತ ಹುಡುಕಿ.

ಮುಖ್ಯಪಾತ್ರದ ಮಾತನ್ನೇ ನಂಬಲಾಗದಂತೆ ಮಾಡುವುದು ಐದು ನಿಮಿಷದಲ್ಲಿ ಸಾಧ್ಯವೇ?

ಸಾಧ್ಯ, ಆದರೆ ನೋಡುಗರಿಗೆ ಮೋಸವಾಗಬಾರದು. ಕಥೆ ಹೇಳುವವನೇ ನಂಬಲರ್ಹನಲ್ಲ ಎಂಬ ತಂತ್ರ ಸಿನಿಮಾದಲ್ಲಿ ಹೊಸದಲ್ಲ. 1920ರಲ್ಲಿ ಬಂದ ಜರ್ಮನಿಯ ಮೂಕಿ ಚಿತ್ರ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ಯಲ್ಲಿ ವಾಲಿದ ಗೋಡೆಗಳು, ಸೆಟ್‌ನ ಮೇಲೆಯೇ ಬಣ್ಣದಲ್ಲಿ ಬರೆದ ನೆರಳುಗಳು ಮೊದಲಿನಿಂದಲೂ ಲೋಕ ಸರಿಯಾಗಿಲ್ಲವೆಂದು ಹೇಳುತ್ತಿರುತ್ತವೆ, ಅದು ಯಾರ ಕಣ್ಣಿನ ಲೋಕ ಎಂಬುದು ಕೊನೆಗೆ ತಿಳಿಯುತ್ತದೆ. ಅಂದರೆ ಸುಳಿವು ನಮ್ಮ ಮುಂದೆಯೇ ಇತ್ತು. ನಿಮ್ಮ ಚಿತ್ರವನ್ನು ಎರಡನೆಯ ಸಲ ನೋಡಿದವರು ಇದನ್ನು ನಾನು ಗಮನಿಸಬೇಕಿತ್ತು ಎಂದುಕೊಳ್ಳುವಂಥ ಎರಡು ಸುಳಿವುಗಳಾದರೂ ಇರಲಿ: ಮೇಜಿನ ಮೇಲೆ ಒಂದೇ ಕಾಫಿ ಲೋಟ, ಎರಡನೆಯ ವ್ಯಕ್ತಿಯ ಮಾತಿಗೆ ಬೇರೆ ಯಾರೂ ಉತ್ತರಿಸದೆ ಇರುವುದು. ಎಲ್ಲವೂ ಕನಸಾಗಿತ್ತು ಎಂದು ಎಚ್ಚರಗೊಳ್ಳುವ ಮುಕ್ತಾಯವನ್ನು ದಯವಿಟ್ಟು ಬಿಟ್ಟುಬಿಡಿ.

ಮಾನಸಿಕ ಕಾಯಿಲೆಯನ್ನು ಖಳನ ಗುಣವಾಗಿ ತೋರಿಸಬಹುದೇ?

ಈ ಪ್ರಶ್ನೆಗೆ ನಾನು ನಿಧಾನವಾಗಿ ಉತ್ತರಿಸಬಯಸುತ್ತೇನೆ, ಏಕೆಂದರೆ ಈ ಪ್ರಕಾರದ ಅತ್ಯಂತ ಹಳೆಯ ಮತ್ತು ಅತ್ಯಂತ ಹಾನಿಕರವಾದ ರೂಢಿ ಇದೇ. ಕೊಲೆಗಾರನ ಕೃತ್ಯಕ್ಕೆ ಕಾರಣ ಹೊಳೆಯದಿದ್ದಾಗ ಅವನಿಗೆ ಹುಚ್ಚು ಎಂದುಬಿಡುವುದು ಚಿತ್ರಕಥೆಗೆ ಸುಲಭ. ವಾಸ್ತವದಲ್ಲಿ ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಒಳಗಾಗುವುದೇ ಹೆಚ್ಚು. ಸ್ಕಿಜೋಫ್ರೇನಿಯಾ ಎಂದರೆ ಒಬ್ಬರಲ್ಲಿ ಇಬ್ಬರು ಇರುವುದು ಎಂಬ ಸಿನಿಮಾ ಕಲಿಸಿದ ತಿಳಿವಳಿಕೆಯೂ ತಪ್ಪು. ಅವೆರಡೂ ಬೇರೆ ಬೇರೆ.

ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಅಮೂಲ್ಯವಾದ ಮಾದರಿಯೊಂದಿದೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ ‘ಶರಪಂಜರ’ ಥ್ರಿಲ್ಲರ್ ಅಲ್ಲ, ಆದರೂ ನಾನು ಅದನ್ನು ಕಡ್ಡಾಯವಾಗಿ ತೋರಿಸುತ್ತೇನೆ. ಕಲ್ಪನಾ ಅಭಿನಯಿಸಿದ ಕಾವೇರಿ ಚಿಕಿತ್ಸೆ ಪಡೆದು, ಗುಣಮುಖಳಾಗಿ ಮನೆಗೆ ಮರಳುತ್ತಾಳೆ; ಗುಣವಾಗದೆ ಉಳಿಯುವುದು ಸುತ್ತಲಿನವರ ನೋಟ. ಆಕೆ ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಆ ಅನುಮಾನದ ಬೇಲಿಯೊಳಗೆ ಒಬ್ಬ ಮನುಷ್ಯಳು ಮತ್ತೆ ಕುಸಿಯುವುದನ್ನು ಕಂಡಾಗ, ಭಯ ಹುಟ್ಟಿಸಬೇಕಾದದ್ದು ಕಾಯಿಲೆಯವರಲ್ಲ, ಅವರನ್ನು ನೋಡುವ ಕಣ್ಣುಗಳು ಎಂದು ಅರ್ಥವಾಗುತ್ತದೆ. ಆ ಕಣ್ಣುಗಳನ್ನು ಕ್ಲೋಸ್‌ಅಪ್‌ನಲ್ಲಿ ಇಟ್ಟು ಯಾರಾದರೂ ಒಂದು ಥ್ರಿಲ್ಲರ್ ಮಾಡಲಿ ಎಂದು ಪ್ರತಿ ವರ್ಷ ಆಸೆಪಡುತ್ತೇನೆ.

ಆಚರಣೆಯಲ್ಲಿ ನಾನು ಕೇಳುವುದು ಇಷ್ಟು: ಪಾತ್ರಕ್ಕೆ ಕಾಯಿಲೆಯ ಹೆಸರು ಹಚ್ಚಬೇಡಿ, ಹಚ್ಚಲೇಬೇಕಾದರೆ ಮನೋವೈದ್ಯರೊಬ್ಬರಿಗೆ ಚಿತ್ರಕಥೆ ತೋರಿಸಿ. ಆಸ್ಪತ್ರೆಯ ವಾರ್ಡಿನಲ್ಲಿ ಚಿಕಿತ್ಸೆ ಪಡೆಯುತ್ತಿರುವವರನ್ನು ಚಿತ್ರೀಕರಿಸುವ ಯೋಚನೆಯೇ ಬೇಡ. ಇಂಥ ವಿಷಯದ ಮೇಲೆ ವಾರಗಟ್ಟಲೆ ಕೆಲಸ ಮಾಡುವಾಗ ತಂಡದವರಲ್ಲಿಯೇ ಯಾರಿಗಾದರೂ ಮನಸ್ಸು ಭಾರವಾದರೆ, ಕನ್ನಡದಲ್ಲಿಯೂ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಅನ್ನು ಚಿತ್ರದ ಕೊನೆಯಲ್ಲಿಯೂ ನಿಮ್ಮ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿಯೂ ಬರೆಯಿರಿ.

ನಮ್ಮೂರಿನ ಮಂಜು ಮತ್ತು ಗಿರಿ ಇದ್ದಮೇಲೆ ವಾತಾವರಣಕ್ಕೆ ಏನು ಕೊರತೆ?

ಇದೇ ಅಪಾಯ. ಒಂದು ವರ್ಷ ನಾನೇ ಒಪ್ಪಿಗೆ ಕೊಟ್ಟು ತಂಡವೊಂದನ್ನು ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆಗೆ ಕಳುಹಿಸಿದೆ. ಅವರು ತಂದದ್ದು ಸುಂದರವಾದ ದೃಶ್ಯಗಳು. ಭಯ ಮಾತ್ರ ಎಲ್ಲಿಯೂ ಇರಲಿಲ್ಲ. ವಿಶಾಲವಾದ ನೋಟ ಮನಸ್ಸನ್ನು ಹಗುರಗೊಳಿಸುತ್ತದೆ, ಈ ಪ್ರಕಾರಕ್ಕೆ ಬೇಕಾದದ್ದು ಮುಚ್ಚಿದ ಸ್ಥಳ. ಮಂಜನ್ನು ಕಿಟಕಿಯ ಹೊರಗೆ ಇಡಿ. ಅಂಗಳದ ಆಚೆಗಿನ ಸಿಲ್ವರ್ ಓಕ್ ಮರಗಳು ಒಂದೊಂದಾಗಿ ಅಳಿಸಿಹೋಗುವುದನ್ನು ಪಾತ್ರವು ಒಳಗಿನಿಂದ ನೋಡಲಿ.

ಮಂಜಿನಲ್ಲಿ ಮೊಬೈಲ್ ಕ್ಯಾಮೆರಾ ತಾನಾಗಿಯೇ ಬೆಳಕನ್ನೂ ಫೋಕಸನ್ನೂ ಬದಲಿಸುತ್ತ ಒದ್ದಾಡುವುದರಿಂದ ಎರಡನ್ನೂ ಲಾಕ್ ಮಾಡಿ. ಮನೆಯೊಳಗೆ ಬಲ್ಬಿನ ಬೆಳಕಿನಲ್ಲಿ ಮಿಣುಕು ಕಂಡರೆ ಶಟರ್ ವೇಗವನ್ನು ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದು.

ಹಾಸನದ ಕಡೆಯ ತಂಡಗಳು ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲ ಬಂದರೆ ಮುಳುಗುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ಬಯಸುತ್ತವೆ. ಜಾಗ ಅದ್ಭುತವಾದದ್ದೇ, ಆದರೆ ನೀರಿನ ಅಂಚಿನಲ್ಲಿ, ಸಡಿಲ ಗೋಡೆಗಳ ಬಳಿ ಚಿತ್ರೀಕರಣದ ಗಡಿಬಿಡಿಯಲ್ಲಿ ಎಚ್ಚರ ತಪ್ಪುತ್ತದೆ. ಅರಣ್ಯ ಮತ್ತು ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಚಿತ್ರೀಕರಿಸುವಂತಿಲ್ಲ. ತೋಟವಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮೂಡಿಗೆರೆ, ಸಕಲೇಶಪುರ, ಆಲೂರಿನ ಕಡೆ ಕಾಡಾನೆಗಳ ಓಡಾಟವಿರುವುದರಿಂದ ಕತ್ತಲಾದ ಮೇಲೆ ತೋಟದಲ್ಲಿ ಚಿತ್ರೀಕರಣ ಇಟ್ಟುಕೊಳ್ಳಬೇಡಿ. ರಾತ್ರಿಯ ದೃಶ್ಯವನ್ನು ಹಗಲಿನಲ್ಲಿ ಕಿಟಕಿಗೆ ಕಂಬಳಿ ಕಟ್ಟಿಯೂ ತೆಗೆಯಬಹುದು.

ಹಿನ್ನೆಲೆ ಸಂಗೀತ ಎಲ್ಲಿಂದ ತರುವುದು?

ಮೊದಲು ಸದ್ದಿನ ಕಡೆ ಬನ್ನಿ. ‘ಸೈಕೋ’ದ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂದು ಹಿಚ್‌ಕಾಕ್ ಮೊದಲು ಯೋಚಿಸಿದ್ದರು, ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳಿಂದ ಮಾತ್ರ ರಚಿಸಿದ ಚೀರುವ ಸಂಗೀತ ಕೇಳಿ ಮನಸ್ಸು ಬದಲಿಸಿದರು. ಒಂದೇ ಬಗೆಯ ವಾದ್ಯಗಳಿಂದ ಇಷ್ಟನ್ನು ಮಾಡಬಹುದಾದರೆ, ನಿಮಗೆ ದೊಡ್ಡ ವಾದ್ಯಗೋಷ್ಠಿಯ ಕೊರತೆ ಕಾಡಬೇಕಾಗಿಲ್ಲ. ತಗಡಿನ ಮೇಲಿನ ಮಳೆ, ದೂರದ ಪಲ್ಪರ್‌ನ ಗುಡುಗುಡು, ಇಡೀ ತೋಟವನ್ನು ತುಂಬಿದ ಜೀರುಂಡೆಯ ಸದ್ದು ಇವನ್ನು ಮೊಬೈಲ್‌ನಲ್ಲಿಯೇ ಬೇರೆಯಾಗಿ ಧ್ವನಿಮುದ್ರಿಸಿಕೊಳ್ಳಿ. ಮಲೆನಾಡಿನವರಿಗೆ ಜೀರುಂಡೆಯ ಸದ್ದು ಹೆದರಿಸುವುದಿಲ್ಲ. ಅದು ಥಟ್ಟನೆ ನಿಂತರೆ ಎಲ್ಲರೂ ತಲೆ ಎತ್ತುತ್ತಾರೆ. ಆ ಮೌನವನ್ನು ಒಮ್ಮೆ ಮಾತ್ರ ಬಳಸಿ. ಬೇರೆಯವರ ಸಂಗೀತವನ್ನು ಪರವಾನಗಿ ಇಲ್ಲದೆ ಹಾಕಬೇಡಿ.

ಟಿಪ್ಪಣಿಯಲ್ಲಿ ಏನೇನು ಇರಬೇಕು?

ನೋಡಿದ ಭಾಗಗಳ ಶಾಟ್ ಪಟ್ಟಿ, ಅವುಗಳಿಂದ ನೀವು ಗುರುತಿಸಿದ ರೂಢಿಗಳು, ಅವುಗಳಲ್ಲಿ ಯಾವುದನ್ನು ಹಾಗೆಯೇ ಉಳಿಸಿಕೊಂಡಿರಿ, ಯಾವುದನ್ನು ಬದಲಿಸಿದಿರಿ, ಏಕೆ ಎಂಬ ವಿವರಣೆ. ಈ ‘ಏಕೆ’ಗೆ ಉತ್ತರವಿದ್ದರೆ ಪುಟಗಳ ಸಂಖ್ಯೆಯನ್ನು ನಾನು ನೋಡುವುದಿಲ್ಲ.

ಅಧ್ಯಯನ ಸಾಕು, ಇನ್ನು ಚಿತ್ರೀಕರಿಸಬಹುದು ಎಂದು ತಿಳಿಯುವುದು ಹೇಗೆ?

ತಂಡದ ಹೊರಗಿನ ಒಬ್ಬರನ್ನು, ಸಾಧ್ಯವಾದರೆ ಸಿನಿಮಾ ಓದದವರನ್ನು, ಕೂರಿಸಿಕೊಂಡು ಚಿತ್ರಕಥೆಯನ್ನು ಗಟ್ಟಿಯಾಗಿ ಓದಿ. ಮೂರು ಕಡೆ ನಿಲ್ಲಿಸಿ, ಈಗ ನೀವು ಯಾರ ಮಾತನ್ನು ನಂಬುತ್ತಿದ್ದೀರಿ ಎಂದು ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಮೂರು ಕಡೆಯೂ ಒಂದೇ ಉತ್ತರ ಬಂದರೆ ತಿಳಿವಳಿಕೆಯನ್ನು ಹಂಚಿದ ಕ್ರಮದಲ್ಲಿ ದೋಷವಿದೆ. ಶಾಟ್ ಪಟ್ಟಿಯ ಕೊನೆಯ ಅಂಕಣಕ್ಕೆ ಹಿಂದಿರುಗಿ. ಉತ್ತರ ಬದಲಾಗುತ್ತ ಹೋಗಿ, ಮೂರನೆಯ ಕಡೆ ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ, ತೋಟದ ಮನೆಯವರನ್ನು ಕೇಳಿ ದಿನ ನಿಗದಿ ಮಾಡಿಕೊಳ್ಳಿ. ನವೆಂಬರ್‌ಗೆ ಮುನ್ನವೇ ಕೇಳುವುದು ಒಳ್ಳೆಯದು. ಕೊಯ್ಲು ಆರಂಭವಾದರೆ ಕಣದಲ್ಲಿಯೂ ಮನೆಯಲ್ಲಿಯೂ ಜನ ತುಂಬಿರುತ್ತಾರೆ, ನಿಮಗೆ ಬೇಕಾದ ನಿಶ್ಶಬ್ದ ಫೆಬ್ರವರಿಯವರೆಗೆ ಸಿಗುವುದಿಲ್ಲ.